ಪರಾತದೊಳಗಿನ ಕಂಬ

ಜನವರಿ 6, ಸೋಮವಾರ

ದಿನಕ್ಕೊಂದು ಪುಟ ಬರೆಯಲು ಡಾಕ್ಟರು ಹೇಳಿದ್ದಾರೆ. ಏನು ಬರೆಯಲಿ ಎಂದು ಕೇಳಿದ್ದಕ್ಕೆ, "ಏನಾದ್ರೂ ಬರೀರಿ, ಬೆರಳು ಆಡಬೇಕು ಅಷ್ಟೇ" ಎಂದರು. ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಪ್ರತಿ ಪುಟದ ಕೆಳಗೂ ಒಂದೊಂದು ಗೊಬ್ಬರದ ಗುಣಗಾನ ಇದೆ. ಇಪ್ಪತ್ತಾರು ವರ್ಷ ಲೈನ್‌ಮನ್ ಆಗಿ ಕಂಬ ಹತ್ತಿದ ಬೆನಕಪ್ಪ ಈಗ ಕಾಪಿ ಬರೆಯಲು ಕೂತಿದ್ದಾನೆ.

ಬಿದ್ದದ್ದು ಆಗಸ್ಟಿನಲ್ಲಿ. ತಪ್ಪು ನನ್ನದೇ. ಎರಡು ನಿಮಿಷದ ಕೆಲಸ ಎಂದು ಸೊಂಟದ ಬೆಲ್ಟಿನ ಕೊಕ್ಕೆ ಹಾಕದೆ ಹತ್ತಿದ್ದೆ. ಬಲಗೈ ಎರಡು ಕಡೆ ಮುರಿಯಿತು, ಈಗ ಕೂಡಿಕೊಂಡಿದೆ. ಕೂಡದೆ ಉಳಿದದ್ದು ಬೇರೆ. ತಲೆ ಎತ್ತಿ ಕಂಬದ ತುದಿ ನೋಡಿದರೆ ಕಾಲ ಕೆಳಗಿನ ನೆಲ ಜಾರುತ್ತದೆ, ಮೈಯೆಲ್ಲ ಬೆವರುತ್ತದೆ. ಕಣ್ಣು, ಕಿವಿ, ತಲೆ ಎಲ್ಲ ಪರೀಕ್ಷೆ ಮಾಡಿ ಏನೂ ದೋಷವಿಲ್ಲ ಎಂದಿದ್ದಾರೆ. ನಮ್ಮ ಮನೆ ಎದುರಿಗೇ ಒಂದು ಕಂಬವಿದೆ, ನೆಟ್ಟವನೂ ನಾನೇ. ಅದು ಕಾಣದಿರಲಿ ಎಂದು ಜಗುಲಿಯ ಕುರ್ಚಿಯನ್ನು ಬೀದಿಗೆ ಬೆನ್ನು ಮಾಡಿ ಹಾಕಿಕೊಂಡಿದ್ದೇನೆ.

ಕಚೇರಿಯಿಂದ ಕಾಗದ ಬಂದಿದೆ. ಇನ್ನು ಮೇಲೆ ಹತ್ತುವಂತಿಲ್ಲ. ಒಳಗೆ ಬಿಲ್ ಕೌಂಟರಿನಲ್ಲಿ ಕೂರಬೇಕು, ಇಲ್ಲವೇ ಗ್ಯಾಂಗಿನ ಮೇಸ್ತ್ರಿಯಾಗಿ ನೆಲದ ಮೇಲೆ ನಿಂತು ಕಂಬ ಎತ್ತಿಸಬೇಕು. ಯಾವುದು ಬೇಕೆಂದು ಇಪ್ಪತ್ತೇಳರೊಳಗೆ ಬರೆದು ಕೊಡಬೇಕಂತೆ. ಮೇಲೆ ನೋಡಲಾಗದ ಮೇಸ್ತ್ರಿಯನ್ನು ಯಾರಾದರೂ ಕಂಡಿದ್ದೀರಾ? ಕೌಂಟರ್ ಎಂದೇ ಬರೆಯುವುದು. ತಲೆ ತಿರುಗುವ ವಿಷಯ ಹೆಂಡತಿ ಜಗದಾಂಬಳಿಗೆ ಬಿಟ್ಟು ಇನ್ಯಾರಿಗೂ ಗೊತ್ತಿಲ್ಲ.

ಬೆರಳು ನೋಯುತ್ತಿದೆ. ಸಾಕು.

ಜನವರಿ 8, ಬುಧವಾರ

ಪಕ್ಕದ ಬಾಡಿಗೆ ಮನೆಯ ಚೈತ್ರಶ್ರೀ ಮೇಡಂ ಕಾಲೇಜಿನಲ್ಲಿ ಆಟ ಹೇಳಿಕೊಡುವವರು. ನಮ್ಮ ಖಾಲಿ ಸೈಟಿನಲ್ಲಿ "ಒಂದು ಗಾಡಿ" ನಿಲ್ಲಿಸಿಕೊಳ್ಳಲೇ ಎಂದು ಅವ್ವನ ಹತ್ತಿರ ಕೇಳಿದ್ದರಂತೆ. ಅವ್ವ ಹೂಂ ಅಂದಿದ್ದಾಳೆ. ಸ್ಕೂಟರ್ ಇರಬೇಕು ಎಂದುಕೊಂಡಿದ್ದೆ. ಸಂಜೆ ಜೀಪೊಂದು ಎರಡು ಚಕ್ರದ ಟ್ರೈಲರ್ ಎಳೆದುಕೊಂಡು ಬಂತು. ಅದರ ಮೇಲೆ ದೋಣಿ! ಹದಿನಾರು ಅಡಿ ಉದ್ದ, ಬಿಳಿ ಬಣ್ಣ, ಹೊಟ್ಟೆಯ ಮೇಲೊಂದು ನೀಲಿ ಗೆರೆ. ಶಿಕಾರಿಪುರದ ಬೀದಿಯಲ್ಲಿ ದೋಣಿ ಬಂದರೆ ಜನ ಸುಮ್ಮನಿರುತ್ತಾರೆಯೇ? ಹಾಲು ಕರೆಯುವುದನ್ನು ಬಿಟ್ಟು ಬಂದವರೂ ಇದ್ದರು.

"ಇದೇನವ್ವಾ, ಮಳೆಗಾಲ ಮುಗುದಮೇಲೆ ತಂದೀಯಲ್ಲ!" ಎಂದಳು ಅವ್ವ.

ಅದು ಹಾಯಿದೋಣಿಯಂತೆ. ಮೇಡಂ ಓದುವಾಗ ಎನ್‌ಸಿಸಿ ನೌಕಾದಳದಲ್ಲಿದ್ದರಂತೆ, ಆಗಿನ ಹುಚ್ಚು. ಮಂಗಳೂರು ಕಡೆ ಮನೆ ಖಾಲಿ ಮಾಡುವವರಿಂದ ಹಳೆಯದು ಸಿಕ್ಕಿದೆ. ಅಂಬ್ಲಿಗೊಳದ ಜಲಾಶಯದಲ್ಲಿ ಬಿಡಲು ಇದೇ ಇಪ್ಪತ್ತಾರರ ಬೆಳಿಗ್ಗೆ ಒಪ್ಪಿಗೆ ಸಿಕ್ಕಿದೆ. ಅದೊಂದೇ ದಿನ.

ದೋಣಿಯ ಮೇಲೆ ಉದ್ದಕ್ಕೆ ಇಪ್ಪತ್ತಡಿಯ ಅಲ್ಯೂಮಿನಿಯಂ ಕಂಬ ಮಲಗಿಸಿ ಕಟ್ಟಿದ್ದರು. ಮಲಗಿದ್ದುದರಿಂದ ನೋಡಿದೆ.

ಜನವರಿ 10, ಶುಕ್ರವಾರ

ಕೈನೋವು. ಚಳಿ. ಯಾರೂ ಮಾತಾಡಿಸದಿದ್ದರೆ ಸಾಕು.

ಜನವರಿ 12, ಭಾನುವಾರ

ಮೇಡಂ ಬಂದು, "ಅಣ್ಣಾರೇ, ಈ ಮಾಸ್ಟ್ ಎತ್ತಿ ನಿಲ್ಲಿಸೋದು ಒಂದ್ಸಲ ಇಲ್ಲೇ ಪ್ರಾಕ್ಟೀಸ್ ಮಾಡ್ಬೇಕು. ನೀವು ಎಷ್ಟು ಕಂಬ ನಿಲ್ಸಿದೀರಿ, ಸ್ವಲ್ಪ ಹೇಳ್ಕೊಡ್ತೀರಾ?" ಎಂದರು.

"ನನ್ನ ಕೈ ಆಗಲ್ರೀ" ಎಂದೆ. ಅವರ ಮುಖ ಚಿಕ್ಕದಾಯಿತು. ಸರಿ ಎಂದು ಹೋದರು.

ಮಧ್ಯಾಹ್ನ ಕಿಟಕಿಯಿಂದ ನೋಡಿದೆ. ತಂತಿಗಳನ್ನೆಲ್ಲ ನೆಲದ ಮೇಲೆ ಹರವಿಕೊಂಡು ಕೂತಿದ್ದರು. ಸುತ್ತಿದ ತಂತಿಯನ್ನು ತುದಿ ಹಿಡಿದು ಎಳೆಯುತ್ತಿದ್ದರು. ಹಾಗೆ ಎಳೆದರೆ ಗಂಟಾಗುತ್ತದೆ, ಒಮ್ಮೆ ತಿರುಚಿದ ತಂತಿ ಮತ್ತೆ ನೆಟ್ಟಗಾಗುವುದಿಲ್ಲ. ಐದು ನಿಮಿಷ ಸಹಿಸಿದೆ. ಆರನೇ ನಿಮಿಷಕ್ಕೆ ಚಪ್ಪಲಿ ಮೆಟ್ಟಿಕೊಂಡು ಹೋಗಿ, "ಚಕ್ರದ ಹಂಗೆ ಉರುಳಿಸಿ ಬಿಚ್ರೀ" ಎಂದು ಹೇಳಿ ಬಂದೆ. ಅಷ್ಟೇ.

ಜನವರಿ 14, ಮಂಗಳವಾರ. ಸಂಕ್ರಾಂತಿ

ಎಳ್ಳುಬೆಲ್ಲ ಕೊಡಲು ಬಂದ ಮೇಡಂ ಇನ್ನೊಂದು ಕೈಯಲ್ಲಿ ಒಂದು ಡಬ್ಬಿ ತಂದಿದ್ದರು. ಅದರೊಳಗೆ ಬೋಲ್ಟು, ಪಿನ್ನು, ಕೊಂಡಿ, ಪುಟ್ಟ ಪುಟ್ಟ ರಾಟೆ. ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು ಡಬ್ಬಿಯನ್ನು ಜಗುಲಿಯ ಮೇಲೆ ಸುರಿದೆ.

ಇದರಲ್ಲಿ ಹೊಸದೇನಿದೆ! ಕಂಬದ ತುದಿಯಿಂದ ಎಡಕ್ಕೊಂದು, ಬಲಕ್ಕೊಂದು, ಮುಂದಕ್ಕೊಂದು ತಂತಿ. ನಾವು ಸ್ಟೇ ವೈರ್ ಅನ್ನುತ್ತೇವೆ, ಅವರೂ ಸ್ಟೇ ಎನ್ನುತ್ತಾರೆ. ಬಿಗಿಯಲು ಕೆಳಗೆ ತಿರುಗಿಸುವ ಬೋಲ್ಟು, ಅದೂ ನಮ್ಮದೇ. ಕಂಬದ ಬುಡದಲ್ಲಿ ಬಾಗಿಲಿಗಿರುವಂಥ ಒಂದು ಕೀಲು ಮಾತ್ರ ಹೊಸದು. ಕಂಬ ದೋಣಿಯ ಹಿಂದಕ್ಕೆ ಮಲಗಿರುತ್ತದೆ, ಮುಂದಿನಿಂದ ಹಗ್ಗ ಎಳೆದರೆ ಕೀಲಿನ ಮೇಲೆ ಎದ್ದು ನಿಲ್ಲುತ್ತದೆ.

ಎರಡು ಪಿನ್ನು ಕಳೆದುಹೋಗಿವೆ. ಜಿಐ ತಂತಿಯಲ್ಲಿ ಮಾಡಿಕೊಟ್ಟೆ. ಪಕ್ಕಡ್ ಹಿಡಿದದ್ದು ಬಲಗೈಯಲ್ಲೇ ಎಂದು ಜಗದಾಂಬ ಹೇಳುತ್ತಾಳೆ. ಇರಬಹುದು.

ಜನವರಿ 17, ಶುಕ್ರವಾರ

ಇವತ್ತು ಒಂದು ಸಂಗತಿ. ಜಗದಾಂಬ ರೊಟ್ಟಿ ಹಿಟ್ಟು ಕಲಸುವ ದೊಡ್ಡ ಸ್ಟೀಲ್ ಪರಾತವನ್ನು ತೊಳೆಯಲೆಂದು ನೀರು ತುಂಬಿಸಿ ಅಂಗಳದಲ್ಲಿಟ್ಟಿದ್ದಳು. ದಾಟಿಕೊಂಡು ಹೋಗುವಾಗ ಬಗ್ಗಿ ನೋಡಿದರೆ, ನೀರೊಳಗೆ ಎದುರಿನ ಕಂಬದ ತುದಿ! ತಂತಿ, ಅದರ ಮೇಲೆ ಕೂತ ಕಾಜಾಣ, ಆಚೆಗೆ ಆಕಾಶ. ತಲೆ ತಿರುಗಲಿಲ್ಲ. ತಲೆ ಬಗ್ಗಿಸಿಯೇ ಮೇಲಿನದನ್ನು ನೋಡಬಹುದು ಅಂತಾಯಿತು.

ತಕ್ಷಣ ಮಾಳೇಶನಿಗೆ ಫೋನ್ ಮಾಡಿ ಭಾನುವಾರ ಬಾ ಎಂದೆ. ಹದಿನೆಂಟು ವರ್ಷ ನನ್ನ ಜೊತೆ ಹಗ್ಗ ಹಿಡಿದವನು. ನಾನು ಬಿದ್ದಾಗ ಆಟೋದಲ್ಲಿ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದವನೂ ಅವನೇ. ಐದು ತಿಂಗಳಲ್ಲಿ ನಾನಾಗಿ ಅವನಿಗೆ ಫೋನ್ ಮಾಡಿದ್ದು ಇದೇ ಮೊದಲಂತೆ.

"ಏನ್ ಕೆಲ್ಸ ಬೆನಕಣ್ಣಾ?"

"ಒಂದು ಕಂಬ ಎತ್ತಬೇಕು."

"ಎಷ್ಟೊತ್ತಿಗೆ ಬರ್ಲಿ?" ಎಂದ. ಮೂಗು ಕಟ್ಟಿದ ದನಿ. ಚಳಿಗೆ ನೆಗಡಿ ಹಿಡಿದಿರಬೇಕು.

ಜನವರಿ 19, ಭಾನುವಾರ

ಕೈ ನೋಯುತ್ತಿದ್ದರೂ ಇವತ್ತಿನದನ್ನು ಪೂರ್ತಿ ಬರೆಯಲೇಬೇಕು.

ಮೊದಲು ಸೈಟಿನ ಸುತ್ತ ಅಳೆದೆ. ಕಂಬ ಯಾವ ಕಡೆ ಬಿದ್ದರೂ ಬೀದಿಯ ತಂತಿಗೆ ಸಿಗಬಾರದು. ಹನ್ನೆರಡಡಿ ಉಳಿಯುತ್ತದೆ, ಚಿಂತೆಯಿಲ್ಲ. ಟ್ರೈಲರಿನ ಚಕ್ರಕ್ಕೆ ಕಲ್ಲು ಕೊಟ್ಟೆವು. ಎರಡು ಬಿದಿರಿನ ಗಳವನ್ನು ಕತ್ತರಿಯಂತೆ ಕಟ್ಟಿ ದೋಣಿಯ ಮುಂದೆ ನಿಲ್ಲಿಸಿ, ಹಗ್ಗವನ್ನು ಅದರ ಮೇಲಿಂದ ಹಾಯಿಸಿದೆವು. ಮಲಗಿದ ಕಂಬವನ್ನು ನೇರವಾಗಿ ಎಳೆದರೆ ಏಳುವುದಿಲ್ಲ, ಹಗ್ಗ ಎತ್ತರದಿಂದ ಎಳೆಯಬೇಕು. ಮೇಡಂ ಇದನ್ನು ನೋಡಿ, "ನಮ್ಗೆ ಇದನ್ನ ಹೇಳ್ಕೊಡಕ್ಕೆ ಅಲ್ಲಿ ಅರ್ಧ ದಿನ ಕ್ಲಾಸ್ ತಗೊಂಡಿದ್ರು" ಎಂದರು.

ಮಾಳೇಶ ಹಗ್ಗಕ್ಕೆ, ಮೇಡಂ ಎಡದ ತಂತಿಗೆ, ಜಗದಾಂಬ ಬಲದ ತಂತಿಗೆ. ನಾನು ಹಿಂದೆ ಪರಾತದ ಮುಂದೆ ಕುಕ್ಕರುಗಾಲಲ್ಲಿ.

"ಐಸಾ!" ಎಂದೆ. ಐದು ತಿಂಗಳ ಮೇಲೆ ಬಾಯಿಂದ ಆ ಮಾತು ಬಂತು. "ಐಸಾ!" ಎಂದ ಮಾಳೇಶ. ನೀರಿನಲ್ಲಿ ಆಕಾಶದೊಳಕ್ಕೆ ಒಂದು ಬೆಳ್ಳಿಗೆರೆ ಮೆಲ್ಲಗೆ ಬಂದು ನಿಂತಿತು. "ಬಲಕ್ಕೆ ವಾಲೈತೆ, ಎಡ ಬಿಗೀರಿ! ಸಾಕು! ಮುಂದಿನ ತಂತಿ ಹಾಕು!" ಎಂದು ನೀರಿಗೆ ಹೇಳುತ್ತಿದ್ದೆ, ಅವರು ಕಂಬಕ್ಕೆ ಮಾಡುತ್ತಿದ್ದರು. ಮಾಳೇಶ ನನ್ನನ್ನೂ ಪರಾತವನ್ನೂ ಒಮ್ಮೆ ನೋಡಿದ. ಏನೂ ಕೇಳಲಿಲ್ಲ. ಒಳ್ಳೆಯವನು.

ಕಂಬ ನಿಂತಿತು! ಬೀದಿಯವರು ಚಪ್ಪಾಳೆ ತಟ್ಟಿದರು. ಒಂದು ತಂತಿಗೆ ಬೆರಳಲ್ಲಿ ಮೀಟಿದೆ, ಒಳ್ಳೆಯ ಸ್ಟೇ ಕೊಡುವ ನಾದವೇ ಬಂತು. ಖುಷಿ ಎಷ್ಟಾಯಿತೆಂದರೆ ಮೂರು ಲೋಟ ಚಹಾ ಕುಡಿದೆ.

ಅಷ್ಟರಲ್ಲಿ ಅವ್ವ ತಟ್ಟೆ ಹಿಡಿದು ಬಂದಳು. ಕಂಬಕ್ಕೆ ವಿಭೂತಿ ಬಳಿದು, ಅರಿಶಿನ ಕುಂಕುಮ ಹಚ್ಚಿ, ಮಾವಿನ ಸೊಪ್ಪು ಸಿಕ್ಕಿಸಿ, ಅರಿಶಿನದ ಕೊಂಬಿನ ಕಂಕಣ ಕಟ್ಟಿ ಕಾಯಿ ಒಡೆದಳು. "ಮನೆ ಮುಂದೆ ಕಂಬ ನಿಂತಮೇಲೆ ಹಂಗೇ ಬಿಡಾಕಾಗ್ತೈತಾ?" ಎಂದಳು. ಎಲ್ಲರೂ ಕೈ ಮುಗಿದೆವು. ಮೇಡಂ ಫೋಟೊ ತೆಗೆದರು. ಬಹಳ ಚೆನ್ನಾಗಿತ್ತು.

ಜನವರಿ 20, ಸೋಮವಾರ

ಕೆಲಸ ಕೆಟ್ಟಿತು. ಇವತ್ತು ಕಂಬ ಇಳಿಸೋಣ ಎಂದರೆ ಅವ್ವ ದೋಣಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ.

"ಕಂಕಣ ಕಟ್ಟಿದ ಹಂದರಗಂಬ ಕಾರ್ಯ ಮುಗಿಯೋತನಕ ಇಳಿಸಾಂಗಿಲ್ಲ. ನಿನ್ನ ಮದುವೇಲಿ ಇಳಿಸಿದ್ವಾ?"

"ಅವ್ವಾ, ಇದು ಮದುವೆ ಕಂಬ ಅಲ್ಲ."

"ಪೂಜೆ ಮಾಡುವಾಗ ಕೈ ಮುಗಿದು ನಿಂತಿದ್ಯಲ್ಲ, ಆವಾಗ ಹೇಳ್ಬೇಕಿತ್ತು."

ನಿಜ. ಹೇಳಬೇಕಿತ್ತು. ಕಂಬ ನಿಲ್ಲಿಸುವುದಷ್ಟೇ ಗೊತ್ತಿರುವ ನನಗೆ ಇಳಿಸುವ ಯೋಚನೆಯೇ ಬರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ನಿಲ್ಲಿಸಿದ ಕಂಬವನ್ನು ಮರುದಿನ ಇಳಿಸಿದ್ದೇ ಇಲ್ಲ. ಬೋಲ್ಟುಗಳ ಮೇಲೆ ತಂತಿ ಸುತ್ತಿ ಮೂವತ್ತು ವರ್ಷ ಅಲ್ಲಾಡದಂತೆ ಬಂದೋಬಸ್ತು ಬೇರೆ ಮಾಡಿದ್ದೇನೆ.

"ಕಾರ್ಯ ನೀರಾಗೆ ತಾನೆ? ಹಂಗೇ ನಿಂತಿದ್ದನ್ನೇ ಎಳಕೊಂಡು ಹೋಗ್ರಿ" ಎಂದಳು ಅವ್ವ. ಇಲ್ಲಿಂದ ಅಂಬ್ಲಿಗೊಳದವರೆಗೆ ರಸ್ತೆಗೆ ಅಡ್ಡವಾಗಿ ಹಾಯುವ ತಂತಿ ನಲವತ್ತೊಂದು ಕಡೆ ಇದೆ. ಅರ್ಧಕ್ಕರ್ಧ ನಾನೇ ಎಳೆದದ್ದು. ನಿಂತ ಕಂಬದ ದೋಣಿ ನಮ್ಮ ಬೀದಿಯ ತಿರುವನ್ನೂ ದಾಟುವುದಿಲ್ಲ.

ಮೇಡಂ ಪಾಪ, ಅವ್ವನ ಎದುರು ಏನೂ ಹೇಳಲಾರರು. ಇಪ್ಪತ್ತಾರಕ್ಕೆ ಇನ್ನು ಆರೇ ದಿನ.

ಜನವರಿ 22, ಬುಧವಾರ

ಮಾವಿನ ಸೊಪ್ಪು ಕಟ್ಟಿದ ಕಂಬ ಬೀದಿಗೆಲ್ಲ ಕಾಣುತ್ತದಲ್ಲ, ಸುದ್ದಿ ಬಸ್ಸು ಹತ್ತಿ ಸೊರಬದವರೆಗೂ ಹೋಗಿದೆ. ಬೆಳಿಗ್ಗೆ ಹೊಸಬಾಳೆಯಿಂದ ಮೂಕಮ್ಮ ಚಿಕ್ಕಮ್ಮ, ಅವ್ವನ ತಂಗಿ, ಚೀಲ ಹೊತ್ತುಕೊಂಡು ಬಂದಿಳಿದಳು. ಚೀಲದಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು, ಹಸಿರು ಖಣ. ಮುಖ ಮಾತ್ರ ಕೆಂಪು.

"ಮನೇಲಿ ಮದ್ವೆ ಇಟ್ಕೊಂಡು ಒಡಹುಟ್ಟಿದೋಳಿಗೆ ಒಂದು ಮಾತು ಹೇಳಕ್ಕೆ ಆಗ್ಲಿಲ್ವನೇ ಅಕ್ಕಾ? ಬೇರೆಯೋರ ಬಾಯಲ್ಲಿ ಕೇಳ್ಕಂಡು ಬರ್ಬೇಕಾತಲ್ಲ. ಯಾರ್ದು ಮದ್ವೆ?"

ನಮ್ಮ ಮನೆಯಲ್ಲಿ ಮದುವೆಯಾಗುವವರು ಯಾರಿದ್ದಾರೆ? ಮಗಳ ಮದುವೆಯಾಗಿ ಆರು ವರ್ಷವಾಯಿತು. ಕೊನೆಗೆ ಮಾಳೇಶ ದೋಣಿ ತೋರಿಸಿ, "ಇವಳೇ ಮದುಮಗಳು" ಎಂದ. ಚಿಕ್ಕಮ್ಮ ದೋಣಿಯ ಸುತ್ತ ಒಂದು ಸುತ್ತು ಬಂದಳು. "ಎಂತ ಚಂದ ಇದ್ಯನಾ ಮಾರಾಯ!" ಎಂದು ಸೊಂಟ ಹಿಡಿದುಕೊಂಡು ನಗಲು ಶುರು ಮಾಡಿದಳು. ಅವ್ವನೂ ನಕ್ಕಳು. ನಾನೂ.

ಊಟದ ಹೊತ್ತಿಗೆ ದಾರಿ ತೋರಿಸಿದವಳೂ ಅವಳೇ. "ನಮ್ಮ ಕಡೆ ಅಕಾಲದ ಮಳೆ ಬಂದು ಹಂದರದ ಜಾಗ ಬದ್ಲಾಯ್ಸೋದು ಇರ್ತದೆ. ಕಂಕಣ ಬಿಚ್ಬಾರ್ದು. ಕಂಬದ ತುದಿ ಬೇರೆ ಯಾವ್ದನ್ನೂ ಮುಟ್ಟೋ ಮೊದ್ಲು ನೆಟ್ಟೋನ ಕೈ ಮುಟ್ಬೇಕು. ಅವ ಹಿಡ್ಕಂಡು ಮಲಗ್ಸಿದ್ರೆ ಇಳ್ಸಿದ ಲೆಕ್ಕ ಅಲ್ಲ."

ಅವ್ವ ಬೆರಳು ಎಣಿಸಿ, "ಹಂಗಾದ್ರೆ ಸರಿ. ಏಳನೇ ದಿನ ಶನಿವಾರ ಮಾಡ್ರಿ" ಎಂದಳು. ಮೇಡಂ ಇಬ್ಬರ ಕಾಲಿಗೂ ಬಿದ್ದರು.

ನೆಟ್ಟವನು ಅಂದರೆ ನಾನು.

ಜನವರಿ 23, ಗುರುವಾರ

ತಲೆಯ ಮೇಲೆ ಬರುವ ಕಂಬವನ್ನು ಪರಾತದಲ್ಲಿ ನೋಡಿ ಹಿಡಿಯಲಾಗುವುದಿಲ್ಲ. ಕೌಂಟರ್ ಕಾಗದ ಬರೆದು ಅಂಗಿಯ ಜೇಬಿನಲ್ಲಿಟ್ಟಿದ್ದೇನೆ. ಸಹಿ ಒಂದು ಬಾಕಿ.

ಊಟ ಸೇರಲಿಲ್ಲ.

ಜನವರಿ 25, ಶನಿವಾರ

ಇಳಿಸಿದೆವು.

ಮಾಳೇಶ ಮುಂದೆ ಹಗ್ಗ ಹಿಡಿದು ನಿಂತ. ನಾನು ದೋಣಿಯ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ. ಜಗದಾಂಬ ಬಲದ ತಂತಿಯನ್ನು ಚಿಕ್ಕಮ್ಮನ ಕೈಗೆ ಕೊಟ್ಟು ನನ್ನ ಬೆನ್ನ ಹಿಂದೆಯೇ ಬಂದು ನಿಂತಿದ್ದಳು, ಅವಳ ಬಳೆಯ ಸದ್ದು ಕೇಳುತ್ತಿತ್ತು. "ಆಗ್ದಿದ್ರೆ ಬಿಡ್ರೀ, ಅತ್ತೆಗೆ ನಾನು ಹೇಳ್ತೀನಿ" ಎಂದು ಪಿಸುಗುಟ್ಟಿದಳು. ಎಡಗಡೆ ತಂತಿ ಹಿಡಿದ ಮೇಡಂ ನನ್ನನ್ನೇ ನೋಡುತ್ತಿದ್ದರು. ಒಂದು ದಿನದ ಒಪ್ಪಿಗೆ ಇಟ್ಟುಕೊಂಡು ಕಾಯುತ್ತಿರುವ ಹುಡುಗಿ.

"ಬಿಡು ಮಾಳೇಶಾ, ಮೆಲ್ಲಗೆ" ಎಂದೆ.

ಕಂಬ ಬರತೊಡಗಿತು. ನೆಲ ಜಾರತೊಡಗಿದಂತೆ ಅನಿಸಿದ್ದೂ ನಿಜ. ಆದರೆ ಹುಚ್ಚು ಮಾಳೇಶ ಹಗ್ಗವನ್ನು ಒಂದೇ ಸಮ ಬಿಡುತ್ತಿರಲಿಲ್ಲ! ತಡೆದು ತಡೆದು ಬಿಡುತ್ತಿದ್ದ, ತುದಿ ಬಲಕ್ಕೆ ಓಲಾಡುತ್ತಿತ್ತು. ಕೋಪ ಬಂತು. "ಏ, ತುದಿ ಬಲಕ್ಕೆ ಹೋಗ್ತೈತೆ, ಕಾಣಲ್ವೇನೋ ನಿಂಗೆ? ಎಡ ಎಳೀ ತಂಗೀ! ಹಾಂ, ಈಗ ಬಿಡು! ಬಿಡು! ಬಿಡು!" ಎಂದು ಕೂಗುತ್ತ ಎರಡು ಹೆಜ್ಜೆ ಸರಿದು ಎರಡೂ ಕೈ ಮೇಲಕ್ಕೆ ಎತ್ತಿದೆ. ತುದಿ ತಾನಾಗಿ ಅಂಗೈಗೆ ಬಂದು ಕೂತಿತು. ಬಲಗೈಗೆ ಒಂದಿಷ್ಟು ನೋವಾಯಿತು, ಅಷ್ಟೇ.

ಒಂದು ಬೇಸರ. ಮಲಗಿಸಿ ಕಟ್ಟುವಾಗ ಕಂಬದ ಬುಡದ ಅರಿಶಿನ ಕುಂಕುಮವೆಲ್ಲ ಬಿಳಿ ಅಂಗಿಗೆ ಮೆತ್ತಿಕೊಂಡಿತು. ಅಂಗಿ ಹಾಳಾಯಿತಲ್ಲ ಎಂದು ಜಗದಾಂಬಳಿಗೆ ತೋರಿಸಿದರೆ, ಅವಳು ಅಂಗಿ ನೋಡುವುದು ಬಿಟ್ಟು ನನ್ನ ಮುಖವನ್ನೇ ನೋಡುತ್ತ ನಿಂತಳು.

ಜನವರಿ 26, ಭಾನುವಾರ

ಇಂಥ ದಿನ ಜೀವನದಲ್ಲಿ ಎಷ್ಟು ಬರುತ್ತವೆ!

ಬೆಳಿಗ್ಗೆ ಆರಕ್ಕೇ ಜೀಪು ಹೊರಟಿತು. ಅವ್ವ, ಚಿಕ್ಕಮ್ಮ ಮುಂದೆ. ಅಂಬ್ಲಿಗೊಳದಲ್ಲಿ ನೀರು ತುಂಬಿ ನಿಂತಿದೆ. ದಡದಲ್ಲಿ ಟ್ರೈಲರಿನ ಮೇಲೇ ಕಂಬ ಎತ್ತಿದೆವು. ಖಣ ತಂದದ್ದನ್ನು ವಾಪಸ್ ಒಯ್ಯುವ ಹಾಗಿಲ್ಲ ಎಂದು ಚಿಕ್ಕಮ್ಮ ಹಟ ಹಿಡಿದಿದ್ದಳು. ಅದನ್ನು ಕಂಬದ ತುದಿಗೆ ಕಟ್ಟಿ ಎತ್ತಿದೆವು. ಗಾಳಿ ಯಾವ ಕಡೆಯದೆಂದು ತಿಳಿಯಲು ಅಲ್ಲೊಂದು ಬಟ್ಟೆ ಬೇಕೇ ಬೇಕಂತೆ.

"ಐಸಾ!" ಎಂದರೆ ಅವ್ವನೂ "ಐಸಾ" ಎಂದಳು. ಎರಡೇ ನಿಮಿಷದಲ್ಲಿ ನಿಂತಿತು. ಎಡಕ್ಕೆ ಒಂದು ಬೆರಳಿನಷ್ಟು ವಾಲಿತ್ತು, ಬಲದ ತಂತಿಯನ್ನು ಒಂದೂವರೆ ಸುತ್ತು ಬಿಗಿಸಿದೆ. ಜಗದಾಂಬ ಪರಾತದಲ್ಲಿ ನೀರು ತುಂಬಿಕೊಂಡು ಕಾಲಿಗೆ ಅಡ್ಡಡ್ಡ ಬರುತ್ತಿದ್ದಳು, ಪಕ್ಕಕ್ಕೆ ಸರಿ ಎಂದೆ. ಆಮೇಲೆ ಅದರಲ್ಲೇ ಮಂಡಕ್ಕಿ ಕಲಸಿದರು.

ದೋಣಿಯನ್ನು ನೀರಿಗಿಳಿಸಿ ನನ್ನನ್ನೂ ಹತ್ತಿಸಿಕೊಂಡಳು ಚೈತ್ರಾ, ನಮ್ಮ ಮೇಡಂ. ಹಾಯಿ ಏರಿತು, ಪಟಪಟ ಬಡಿದು ಒಮ್ಮೆಗೇ ಉಬ್ಬಿತು. ಎಂಜಿನ್ ಇಲ್ಲ, ಹುಟ್ಟು ಇಲ್ಲ, ಸದ್ದಿಲ್ಲ. ದೋಣಿ ಹೊರಟೇಬಿಟ್ಟಿತು! ನಾನು ನಿಲ್ಲಿಸಿದ ಕಂಬ ಯಾವುದೂ ಇದುವರೆಗೆ ನಿಂತ ಜಾಗ ಬಿಟ್ಟು ಹೋದದ್ದಿಲ್ಲ. ಇದು ನನ್ನನ್ನೂ ಕೂರಿಸಿಕೊಂಡು ಹೊರಟಿತು. ನನಗೆ ಕೂಗಬೇಕೆನಿಸಿತು, ಕೂಗಿದೆ.

"ಅಣ್ಣಾ, ಖಣ ನೋಡ್ತಿರಿ, ಗಾಳಿ ತಿರುಗಿದ್ರೆ ಹೇಳಿ" ಎಂದಳು ಅವಳು. ಮುಕ್ಕಾಲು ಗಂಟೆ ಅದೇ ಕೆಲಸ. "ಎಡಕ್ಕೆ ಬಂತು ತಂಗೀ! ಸುಮ್ನಾತು! ಈಗ ಬಲಕ್ಕೆ!" ನೀಲಿ ಆಕಾಶದಲ್ಲಿ ಹಸಿರು ಖಣ. ಕತ್ತು ಹಿಡಿದುಕೊಂಡಿದೆ, ಜಗದಾಂಬ ಈಗ ಎಣ್ಣೆ ಹಚ್ಚುತ್ತಿದ್ದಾಳೆ.

ಇಳಿದ ಮೇಲೆ ಅವ್ವ ತಾನೇ ಕಂಕಣ ಬಿಚ್ಚಿದಳು. ಕಾರ್ಯ ಮುಗಿಯಿತು.

ಜನವರಿ 27, ಸೋಮವಾರ

ಜೇಬಿನಲ್ಲಿದ್ದ ಕಾಗದ ನಿನ್ನೆ ದೋಣಿಯಲ್ಲಿ ನೀರಿಗೆ ನೆನೆದು ಮುದ್ದೆಯಾಗಿತ್ತು. ಹೊಸದಾಗಿ ಬರೆಯಲು ಕೂತೆ. ಕೌಂಟರಿನಲ್ಲಿ ಇಡೀ ದಿನ ಗೋಡೆ ನೋಡುತ್ತ ಕೂರುವುದು ನನ್ನಿಂದಾಗದು. ಮಾಳೇಶ ಹಗ್ಗ ಬಿಡುವ ರೀತಿ ನೋಡಿದರೆ ಅವನ ತಲೆಯ ಮೇಲೆ ಒಬ್ಬರು ಬೇಕೇ ಬೇಕು. ಮೇಸ್ತ್ರಿ ಕೆಲಸಕ್ಕೆ ಒಪ್ಪಿಗೆ ಎಂದು ಬರೆದು ಸಹಿ ಮಾಡಿ ಕೊಟ್ಟು ಬಂದೆ. ಅಕ್ಷರ ಚೆನ್ನಾಗಿ ಬಂದಿತ್ತು.

ಬರುವಾಗ ಜಗದಾಂಬ ದೋಣಿಯೊಳಗೆ ಮರೆತಿದ್ದ ಪರಾತ ತೆಗೆಯುತ್ತಿದ್ದಳು.

"ಮಂಡಕ್ಕಿಗೆ ಅಷ್ಟು ದೊಡ್ಡದು ಯಾಕೆ ಹೊತ್ಕೊಂಡು ಬಂದಿದ್ದೆ?" ಎಂದು ಕೇಳಿದೆ.

"ಮಂಡಕ್ಕಿಗಲ್ಲ ಕಣ್ರೀ, ನಿಮಗೆ ತಂದಿದ್ದು!" ಎಂದು ಅಲ್ಲೇ ಟ್ರೈಲರಿನ ಚಕ್ರಕ್ಕೆ ಒರಗಿ ನಗಲು ಶುರು ಮಾಡಿದಳು. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮತ್ತೆ ನಕ್ಕಳು, ಮತ್ತೆ ಒರೆಸಿಕೊಂಡಳು. ನನಗೆ ರೊಟ್ಟಿ ತಟ್ಟಲು ಬರುತ್ತದೆಯೇ, ಪರಾತ ತೆಗೆದುಕೊಂಡು ನಾನೇನು ಮಾಡಲಿ?

ಜಗುಲಿಯಲ್ಲಿ ಬೀದಿಗೆ ಮುಖ ಮಾಡಿ ಕೂತು ಇದನ್ನು ಬರೆಯುತ್ತಿದ್ದೇನೆ. ಎದುರಿನ ಕಂಬದ ತುದಿಯಲ್ಲಿ ಬಲಗಡೆ ತಂತಿ ಕೂರಿಸುವ ಪಿಂಗಾಣಿ ಬಿರುಕು ಬಿಟ್ಟಿದೆ, ಎಷ್ಟು ದಿನದಿಂದಲೋ ಏನೋ. ನಾಳೆ ಮಾಳೇಶನಿಗೆ ಹೇಳಿ ಬದಲಾಯಿಸಬೇಕು.